ವೈದ್ಯರಿಗೂ ಒಂದು ಬಿಡುವಿನ ತಾರೀಖು

ಈ ವಾರ ಕೊಪ್ಪಳ ಬಸ್ ನಿಲ್ದಾಣದಲ್ಲಿ ಒಬ್ಬ ಯುವಕ ಕುಷ್ಟಗಿ ಬಸ್ಸಿನಿಂದ ಇಳಿದು, ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಫೋನಿನಲ್ಲಿ ಹೆಂಡತಿಯನ್ನು ಕೇಳುತ್ತಿದ್ದ: ‘ಡ್ಯೂಟಿ ಮುಗೀತನು? ಬರ್ಲ್ಯೋ, ಹಂಗ ವಾಪಸ್ ಹೋಗ್ಲ್ಯೋ?’ ಆಕೆ ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿನಿ ಎಂದು ಆಮೇಲೆ ತಿಳಿಯಿತು. ಡ್ಯೂಟಿ ಮುಗಿಯುವ ಹೊತ್ತೇ ಗೊತ್ತಿಲ್ಲದ ಆ ಓದಿನ ಎದುರು ನನಗೆ ತಕ್ಷಣ ನೆನಪಾದದ್ದು ಟೆರಿಟೋರಿಯಲ್ ಆರ್ಮಿ. 1949ರಿಂದ ಇರುವ ಈ ಸೇನೆಯ ಅಧಿಕಾರಿ ತನ್ನ ನೌಕರಿಯಲ್ಲಿದ್ದುಕೊಂಡೇ ವರ್ಷಕ್ಕೆ ಸುಮಾರು ಎರಡು ತಿಂಗಳು ಸಮವಸ್ತ್ರ ತೊಡುತ್ತಾನೆ. ಕರೆ ಬಂದು ಹೋದವನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂದು 1948ರ ಕಾಯ್ದೆಯೇ ಹೇಳುತ್ತದೆ. ಬಂದೂಕು ಹಿಡಿಯುವ ಸೇವೆ ಕ್ಯಾಲೆಂಡರಿಗೆ ಬಗ್ಗುತ್ತದೆ, ಸ್ಟೆತಾಸ್ಕೋಪ್ ಹಿಡಿಯುವ ಓದು ಯಾಕೆ ಬಗ್ಗುವುದಿಲ್ಲ? ಇಂಥ ಕಿರಿಯ ವೈದ್ಯರ ನಿರಂತರ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ ಮೀರಬಾರದೆಂದು ಕೇಂದ್ರ ಸರಕಾರ 1992ರಲ್ಲೇ ಹೇಳಿತ್ತು. 2023ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಲ್ಲಿ ಗಂಟೆಗಳ ಲೆಕ್ಕವೇ ಇಲ್ಲ, ‘ಸಮಂಜಸ ಅವಧಿ’ ಎಂದಷ್ಟೇ ಇದೆ. ವಾರದ ರಜೆಗೂ ಕೆಲಸದ ತುರ್ತಿನ ಷರತ್ತು. ತುರ್ತು ಇಲ್ಲದ ಸರಕಾರಿ ಆಸ್ಪತ್ರೆ ಎಲ್ಲಿದೆ? ಯಲಬುರ್ಗಾದಿಂದ, ಗಂಗಾವತಿಯಿಂದ ಹೊತ್ತಲ್ಲದ ಹೊತ್ತಿನಲ್ಲಿ ಬಾಣಂತಿಯರು, ಅಪಘಾತವಾದವರು ಬಂದೇ ಬರುತ್ತಾರೆ, ಬರಲೇಬೇಕು. ಆದರೆ ನಿದ್ದೆಗೆಟ್ಟ ಕೈಗೆ ಅವರನ್ನು ಒಪ್ಪಿಸುವುದು ಅವರಿಗೂ ಅನ್ಯಾಯ. ಅದಕ್ಕೇ ನನ್ನ ಒತ್ತಾಯ ಸಣ್ಣದು: ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಈ ತಿಂಗಳೇ ಗೋಡೆಗೆ ಬರಲಿ, ಅದರಲ್ಲಿ ಬರೆದ ರಜೆಯನ್ನು ಯಾರೂ ಕಿತ್ತುಕೊಳ್ಳದಿರಲಿ. ಗವಿಮಠದ ಜಾತ್ರೆಗೋ ಸಾಣಾಪುರದ ಕೆರೆಗೋ ಗಂಡ-ಹೆಂಡತಿ ಕೂಡಿ ಹೋಗಲು ಅಷ್ಟು ಸಾಕು, ಅದಕ್ಕೆ ಅನುದಾನವೇನೂ ಬೇಕಿಲ್ಲ.