ಹೆಂಚಿಗೆ ಪರವಾನಗಿ, ಧರೆಗೆ ಯಾರ ಅಪ್ಪಣೆ?

ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ಮುಂಗಾರಿಗೆ ಇನ್ನೆರಡು ತಿಂಗಳು ಉಳಿದಿದೆ ಎನ್ನುವಾಗ ಮಲೆನಾಡಿನಲ್ಲಿ ಮನೆ ದುರಸ್ತಿಯ ಕಾಲ ಆರಂಭವಾಗುತ್ತದೆ. ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಅಲ್ಲಿಂದ ಕೊಟ್ಟಿಗೆಹಾರ ದಾಟಿ ಕಳಸಕ್ಕೆ ಹೋಗುವ ದಾರಿಯುದ್ದಕ್ಕೂ ಹೆಂಚು ಇಳಿಸಿದ ಮನೆಗಳು, ಅಂಗಳದಲ್ಲಿ ಪೇರಿಸಿದ ರೀಪು-ಪಕಾಸಿಗಳು, ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುವ ಕೆಲಸಗಾರರು ಕಾಣಸಿಗುತ್ತಾರೆ. 2024–25ರಲ್ಲಿ ಕಾಫಿ ಧಾರಣೆ ದಾಖಲೆಯ ಮಟ್ಟಕ್ಕೆ ಏರಿದ ಮೇಲೆ, ಹತ್ತಾರು ವರ್ಷಗಳಿಂದ ಮುಂದೂಡುತ್ತ ಬಂದ ಕೆಲಸಗಳನ್ನು ಬೆಳೆಗಾರರು ಕೈಗೆತ್ತಿಕೊಂಡಿದ್ದರೆ ಅದು ಸಹಜವೇ. ಜೊತೆಗೇ ಒಂದು ಪ್ರಶ್ನೆಯೂ ಎಲ್ಲ ಕಡೆ ಕೇಳಿಬರುತ್ತದೆ: ನಮ್ಮ ಮನೆಯನ್ನು ನಾವು ಸರಿಪಡಿಸಿಕೊಳ್ಳಲು ಯಾರ ಅನುಮತಿ ಬೇಕು?

ಉತ್ತರಗಳು ಮೂರು ಬಗೆ. ಸ್ವಂತ ಮನೆಗೆ ಯಾವ ಅನುಮತಿಯೂ ಬೇಡ ಎನ್ನುವುದು ಮೊದಲನೆಯದು. ಪಂಚಾಯಿತಿ ಸದಸ್ಯರಿಗೆ ಒಂದು ಮಾತು ತಿಳಿಸಿದರೆ ಸಾಕು ಎನ್ನುವುದು ಎರಡನೆಯದು. ಕಸ್ತೂರಿರಂಗನ್ ವರದಿ ಜಾರಿಯಾದರೆ ಒಡೆದ ಹೆಂಚನ್ನೂ ಬದಲಿಸುವಂತಿಲ್ಲ ಎಂಬ ಭಯ ಮೂರನೆಯದು. ನಾನು ಕಾನೂನಿನ ಪುಟಗಳನ್ನು ತಿರುವಿ ನೋಡಿದಂತೆ ಈ ಮೂರೂ ಸರಿಯಲ್ಲ.

ಹಳ್ಳಿಗಳಿಗೆ ಅನ್ವಯಿಸುವುದು 1993ರ ಪಂಚಾಯತ್ ರಾಜ್ ಕಾಯ್ದೆ. ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿಯಿಲ್ಲದೆ ಯಾರೂ ಹೊಸ ಕಟ್ಟಡ ಕಟ್ಟುವಂತಿಲ್ಲ, ಇರುವ ಕಟ್ಟಡವನ್ನು ಮಾರ್ಪಡಿಸುವಂತಿಲ್ಲ, ಅದಕ್ಕೆ ಸೇರಿಸುವಂತಿಲ್ಲ, ಪುನರ್ನಿರ್ಮಿಸುವಂತಿಲ್ಲ ಎಂದು ಅದರ 64ನೇ ಕಲಂ ಹೇಳುತ್ತದೆ. ಅರ್ಜಿ ತಲುಪಿದ 60 ದಿನಗಳೊಳಗೆ ಪಂಚಾಯಿತಿ ತನ್ನ ತೀರ್ಮಾನ ತಿಳಿಸದಿದ್ದರೆ ಅನುಮತಿ ದೊರೆತಿದೆ ಎಂದೇ ಭಾವಿಸಬಹುದೆಂಬ ಸೌಲಭ್ಯವೂ ಅಲ್ಲಿದೆ. ಪಟ್ಟಣಗಳಲ್ಲಿ 1964ರ ಪೌರಸಭೆಗಳ ಕಾಯ್ದೆಯ 187ನೇ ಕಲಂ ಇದೇ ಕೆಲಸ ಮಾಡುತ್ತದೆ. ಆದರೆ ಅದರ ಗಮನ ಕಟ್ಟಡದ ಹೊರಗಿನ ಮಾರ್ಪಾಡಿನ ಮೇಲೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ ಮನೆಯ ಒಳಗಿನ ದುರಸ್ತಿ, ಸುಧಾರಣೆಗಳನ್ನು ‘ಅಭಿವೃದ್ಧಿ’ ಎಂಬ ಪದದ ವ್ಯಾಪ್ತಿಯಿಂದ ಹೊರಗಿಟ್ಟಿದೆ.

ವಿಚಿತ್ರವಿರುವುದು ಇಲ್ಲಿಯೇ. ಪೇಟೆಯಲ್ಲಿ ಒಳಗೋಡೆ ತೆಗೆದು ಅಡುಗೆಮನೆ ದೊಡ್ಡದು ಮಾಡುವವನಿಗೆ ಕಾನೂನು ಒಂದಿಷ್ಟು ಸ್ಪಷ್ಟತೆ ಕೊಡುತ್ತದೆ. ಬಾಳೂರಿನಲ್ಲೋ ಸಂಸೆಯಲ್ಲೋ ಮಂಗಳೂರು ಹೆಂಚು ತೆಗೆದು ತಗಡು ಹಾಕುವವನಿಗೆ ಆ ಸ್ಪಷ್ಟತೆಯಿಲ್ಲ. ‘ಮಾರ್ಪಾಡು’ ಎಂದರೇನು? ಗೆದ್ದಲು ಹಿಡಿದ ಪಕಾಸಿ ಬದಲಿಸುವುದು ಮಾರ್ಪಾಡೇ? ಸೋರುವ ತಾರಸಿಯ ಮೇಲೆ ಶೀಟು ಹೊದಿಸಿದರೆ ಅದು ದುರಸ್ತಿಯೋ, ಇನ್ನೊಂದು ಅಂತಸ್ತೋ? ರಾಷ್ಟ್ರೀಯ ಕಟ್ಟಡ ಸಂಹಿತೆಯು ಪರವಾನಗಿ ಬೇಡದ ಕೆಲಸಗಳ ಪಟ್ಟಿಯನ್ನೇ ಕೊಟ್ಟಿದೆ. ಗಾರೆ ಕೆಲಸ, ನೆಲಹಾಸು, ಸುಣ್ಣಬಣ್ಣ, ಮೊದಲಿನ ಎತ್ತರದಲ್ಲೇ ಚಾವಣಿ ನವೀಕರಣ, ಒಳಗಿನ ಅಡ್ಡಗೋಡೆ, ಪ್ರಕೃತಿ ವಿಕೋಪದಿಂದ ಹಾನಿಯಾದ ಭಾಗವನ್ನು ಮೊದಲಿದ್ದಷ್ಟೇ ಮರಳಿ ಕಟ್ಟುವುದು, ಇವೆಲ್ಲ ಅದರಲ್ಲಿವೆ. ಆದರೆ ಅದು ಮಾದರಿ ಸಂಹಿತೆ. ಸ್ಥಳೀಯ ಉಪವಿಧಿಯಲ್ಲಿ ಸೇರದ ಹೊರತು ಪಂಚಾಯಿತಿ ಕಚೇರಿಯಲ್ಲಿ ಅದನ್ನು ತೋರಿಸಿ ವಾದಿಸಲಾಗದು. ಅಸ್ಪಷ್ಟತೆ ಇದ್ದಲ್ಲಿ ಅಧಿಕಾರಿಯ ಮರ್ಜಿ ಇರುತ್ತದೆ. ಮರ್ಜಿ ಇದ್ದಲ್ಲಿ ಏನಿರುತ್ತದೆ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಸ್ತೂರಿರಂಗನ್ ವರದಿಯ ಭಯ. ವರದಿಯನ್ನು ಆಧರಿಸಿ ಕೇಂದ್ರ ಸರ್ಕಾರ 2014ರಿಂದ 2024ರ ಜುಲೈ 31ರವರೆಗೆ ಆರು ಬಾರಿ ಕರಡು ಅಧಿಸೂಚನೆ ಹೊರಡಿಸಿತು. ಆರು ರಾಜ್ಯಗಳ 56 ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸುವ ಈ ಕರಡಿನಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ವರದಿಯನ್ನು ತಿರಸ್ಕರಿಸಿತು. ಪರವಾಗಿಯೂ ವಿರೋಧವಾಗಿಯೂ ಇಷ್ಟೆಲ್ಲ ಗದ್ದಲ ನಡೆದರೂ ಕರಡನ್ನು ಓದಿದವರು ಕಡಿಮೆ. 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳನ್ನು ಅದು ನಿಷೇಧಿಸುತ್ತದೆ. ಈಗಿರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆ, ನವೀಕರಣಕ್ಕೆ ಯಾವ ನಿರ್ಬಂಧವೂ ಇಲ್ಲವೆಂದು ಅದೇ ಜಾಗದಲ್ಲಿ ಹೇಳುತ್ತದೆ. ಹೆಂಚಿನ ಭಯವನ್ನು ಹಳ್ಳಿಹಳ್ಳಿಗೆ ಹಬ್ಬಿಸಿದ ರಾಜಕಾರಣಿಗಳು ಆ ಒಂದು ವಾಕ್ಯವನ್ನು ಓದಿ ಹೇಳಬಹುದಿತ್ತು. ಓದಿ ಹೇಳಿದ್ದರೆ ಸಭೆಗೆ ಜನ ಸೇರುತ್ತಿದ್ದರೋ ಇಲ್ಲವೋ!

ಆದರೆ ಆ ವಾಕ್ಯಕ್ಕೊಂದು ಬಾಲವಿದೆ: ‘ಜಾರಿಯಲ್ಲಿರುವ ಕಾನೂನು, ನಿಯಮಗಳಿಗೆ ಒಳಪಟ್ಟು’. ಎಂದರೆ ಪ್ರಶ್ನೆ ಸುತ್ತಿ ಬಳಸಿ ಗ್ರಾಮ ಪಂಚಾಯಿತಿಯ ಮೇಜಿಗೇ ಬರುತ್ತದೆ. ನಮ್ಮ ಗುಡ್ಡಗಳಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಆ ಮೇಜು ಕೇಳುತ್ತಿದೆಯೇ ಎಂಬುದೇ ನನ್ನ ಚಿಂತೆ.

ಮಲೆನಾಡಿನ ಮನೆ ಸಮತಟ್ಟಾದ ನಿವೇಶನದ ಮೇಲಿಲ್ಲ. ಹಿಂದೆ ಧರೆ, ಮುಂದೆ ಇಳಿಜಾರು. ಎರಡು ಕೋಣೆ ಹೆಚ್ಚಿಸಬೇಕೆಂದರೆ ಹಿಂದಿನ ಧರೆಯನ್ನು ಕಡಿಯಬೇಕು. ಹಿಂದೆ ಇದನ್ನು ಗುದ್ದಲಿ, ಪಿಕಾಸಿಗಳಿಂದ ಮಾಡುತ್ತಿದ್ದರು, ಶ್ರಮವೇ ಮಿತಿಯಾಗಿತ್ತು. ಈಗ ಜೆಸಿಬಿ ಒಂದೇ ದಿನದಲ್ಲಿ ಇಪ್ಪತ್ತು ಅಡಿ ಎತ್ತರದ ಧರೆಯನ್ನು ಗೋಡೆಯಂತೆ ನೇರವಾಗಿ ಸೀಳಿ ಹೋಗುತ್ತದೆ. ಬುಡದ ಆಸರೆ ಕಳೆದುಕೊಂಡ ಮಣ್ಣು ಬೇಸಿಗೆಯಲ್ಲಿ ಗಟ್ಟಿಯಾಗಿಯೇ ಕಾಣುತ್ತದೆ. ಜುಲೈ, ಆಗಸ್ಟ್‌ನ ಮಳೆ ವಾರಗಟ್ಟಲೆ ಇಂಗಿದ ಮೇಲೆ ಅದರ ಭಾರ ಹೆಚ್ಚುತ್ತದೆ, ಕಣಗಳ ಹಿಡಿತ ಸಡಿಲಗೊಳ್ಳುತ್ತದೆ. ಕಡಿದ ಮಣ್ಣನ್ನು ಕೆಳಗಿನ ಹಳ್ಳದ ಬಾಯಿಗೆ ಸುರಿದಿದ್ದರೆ ನೀರು ಹೊಸ ದಾರಿ ಹುಡುಕುತ್ತದೆ. ಆ ದಾರಿ ಬಹುಪಾಲು ಕೆಳಗಿನವರ ಗದ್ದೆಯದೋ ಅಂಗಳದ್ದೋ ಆಗಿರುತ್ತದೆ.

2019ರ ಆಗಸ್ಟ್ ನಮಗೆ ದೂರದ ನೆನಪಲ್ಲ. ಅಂದು ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮದುಗುಂಡಿಯಂಥ ಊರುಗಳಲ್ಲಿ ಗುಡ್ಡ ಜಾರಿ ಮನೆ, ತೋಟಗಳು ಮಣ್ಣುಪಾಲಾದವು. ಎಲ್ಲ ಕುಸಿತಕ್ಕೂ ಮನೆ ಕಟ್ಟಿದವರೇ ಹೊಣೆಯೆಂದರೆ ಅನ್ಯಾಯವಾದೀತು. ಗುಡ್ಡದ ನೆತ್ತಿಯಿಂದಲೇ ಇಳಿದು ಬರುವ ಮಣ್ಣಿಗೆ ಕೆಳಗಿನ ಮನೆಯವರು ಏನು ಮಾಡಬಲ್ಲರು? ಆದರೆ ನೆರೆಯ ಕೊಡಗಿನಲ್ಲಿ 2018ರಲ್ಲಿ ಆದ ಕುಸಿತಗಳನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಅತಿವೃಷ್ಟಿಯ ಜೊತೆಗೆ ಕಟ್ಟಡ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಮನಬಂದಂತೆ ಕಡಿದದ್ದನ್ನೂ ಕಾರಣವಾಗಿ ಗುರುತಿಸಿತ್ತು. ಕೊಡಗಿನ ಮಣ್ಣಿಗೊಂದು ನ್ಯಾಯ, ಚಾರ್ಮಾಡಿಯ ಮೇಲಿನ ಮಣ್ಣಿಗೊಂದು ನ್ಯಾಯ ಇರಲಾರದು.

ಧರೆ ಕಡಿಯುವ ಒತ್ತಡಕ್ಕೆ ಈಗ ಇನ್ನೊಂದು ಹೆಸರು ಹೋಮ್‌ಸ್ಟೇ. ಮುಳ್ಳಯ್ಯನಗಿರಿ, ದೇವರಮನೆ, ಕುದುರೆಮುಖದ ಹೆಸರಿನಲ್ಲಿ ಬರುವ ಪ್ರವಾಸಿಗರಿಂದ ಸಣ್ಣ ಬೆಳೆಗಾರರಿಗೆ ಒಂದು ಆದಾಯ ಸಿಕ್ಕಿದೆ; ಧಾರಣೆ ನೆಲಕಚ್ಚಿದ ವರ್ಷಗಳಲ್ಲಿ ಎಷ್ಟೋ ಕುಟುಂಬಗಳನ್ನು ಅದೇ ಕಾಪಾಡಿತು. ನನ್ನ ಆಕ್ಷೇಪ ಹೋಮ್‌ಸ್ಟೇಗೆ ಅಲ್ಲ, ‘ರಿಪೇರಿ’ ಎಂಬ ಪದದ ಹಿಂದೆ ಅಡಗುವ ಕಟ್ಟಡಗಳಿಗೆ. ಭೂಕಂದಾಯ ಕಾಯ್ದೆಯ 95ನೇ ಕಲಂ ಭೂಪರಿವರ್ತನೆಯಿಲ್ಲದೆ ಕೃಷಿ ಜಮೀನಿನಲ್ಲಿ ತೋಟದ ಮನೆ ಕಟ್ಟಲು ರೈತನಿಗೆ ಅವಕಾಶ ಕೊಟ್ಟಿದೆ. ಆದರೆ ಅದು ಹಿಡುವಳಿಯ ಶೇ 10ರಷ್ಟನ್ನು ಮೀರಬಾರದು, ರೈತನ ಸ್ವಂತ ಬಳಕೆಗೇ ಇರಬೇಕು, ವಾಣಿಜ್ಯ ಚಟುವಟಿಕೆಗೆ ಬಾಡಿಗೆ ಕೊಡಬಾರದು. ಅಜ್ಜನ ಕಾಲದ ಮನೆಯ ಒಂದೆರಡು ಕೋಣೆಯನ್ನು ಅತಿಥಿಗಳಿಗೆ ಬಿಟ್ಟುಕೊಡುವುದು ಬೇರೆ. ಯಜಮಾನ ಬೆಂಗಳೂರಿನಲ್ಲಿದ್ದು, ಗುಡ್ಡದ ಅಂಚಿನಲ್ಲಿ ಸಾಲು ಕಾಟೇಜು ನಿಲ್ಲಿಸಿ, ಹಳೆಯ ಮನೆಯ ವಿಸ್ತರಣೆ ಎಂದು ಅರ್ಜಿಯಲ್ಲಿ ಬರೆಯುವುದು ಬೇರೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿಯಲ್ಲಿ ಅತಿಥಿಗಳ ವಿವರ, ಪೊಲೀಸರ ಒಪ್ಪಿಗೆ, ಪಂಚಾಯಿತಿಯ ನಿರಾಕ್ಷೇಪಣಾ ಪತ್ರಗಳಿಗೆ ಮಹತ್ವ. ಹಿಂದಿನ ಧರೆ ಎಷ್ಟು ಎತ್ತರವಿದೆ, ಅದರ ನೀರು ಎಲ್ಲಿ ಇಳಿಯುತ್ತದೆ ಎಂದು ಕೇಳುವವರು ಯಾರು?

ಇದಕ್ಕೆ ತದ್ವಿರುದ್ಧ ಸ್ಥಿತಿಯಲ್ಲಿರುವವರೂ ಇದೇ ಗುಡ್ಡಗಳಲ್ಲಿದ್ದಾರೆ. ಎಸ್ಟೇಟಿನ ಲೈನ್ ಮನೆಗಳಲ್ಲಿ ಮೂರು ತಲೆಮಾರು ಕಳೆದ ಕಾರ್ಮಿಕರಿಗೆ ಸೋರುವ ಮಾಡನ್ನು ಸರಿಪಡಿಸಿಕೊಳ್ಳುವ ಅಧಿಕಾರವಿಲ್ಲ. ಮನೆ ಮಾಲೀಕರದು, ದುರಸ್ತಿಯ ಹೊಣೆಯೂ 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದ ಮಾಲೀಕರದೇ. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡು 94ಸಿ ಅಡಿಯಲ್ಲಿ ಸಕ್ರಮಕ್ಕಾಗಿ ಕಾದಿರುವವರು ಹಕ್ಕುಪತ್ರವಿಲ್ಲದೆ ಪಂಚಾಯಿತಿಗೆ ಅರ್ಜಿ ಹಾಕುವುದಾದರೂ ಹೇಗೆ? ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಕುಟುಂಬಗಳ ಪಾಡು ಇನ್ನೂ ಬಿಗಿಯಾದದ್ದು. ಅಲ್ಲಿ ಅರಣ್ಯ ಕಾನೂನು ಮೊದಲು, ಮನೆ ನಂತರ. ಮಳೆಗಾಲಕ್ಕೆ ಮುನ್ನ ಒಂದು ಪ್ಲಾಸ್ಟಿಕ್ ಹೊದಿಕೆ ಕಟ್ಟುವುದೇ ಇವರ ಪಾಲಿನ ನವೀಕರಣ.

ಅನುಮತಿ ಪತ್ರದ ಬೆಲೆ ಈಚೆಗೆ ಇನ್ನಷ್ಟು ಹೆಚ್ಚಿದೆ. ಅನಧಿಕೃತ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ನೀಡಿದ ತೀರ್ಪು, ಸ್ವಾಧೀನಾನುಭವ ಪತ್ರ ನೋಡಿದ ಬಳಿಕವೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದಿತು. 2025ರಲ್ಲಿ ರಾಜ್ಯದಾದ್ಯಂತ ಹೊಸ ವಿದ್ಯುತ್ ಸಂಪರ್ಕಗಳು ನಿಂತು ಗೊಂದಲವಾಗಿ, ಕೊನೆಗೆ 1,200 ಚದರ ಅಡಿವರೆಗಿನ ನಿವೇಶನದ ಮನೆಗಳಿಗೆ ಸರ್ಕಾರ ವಿನಾಯಿತಿ ತೀರ್ಮಾನಿಸಿತು. ಅಳತೆ ಬೆಂಗಳೂರಿನದು: ಮೂವತ್ತು ನಲವತ್ತರ ಸೈಟು. ಗುಡ್ಡದ ಮನೆಯನ್ನು ಚದರ ಅಡಿಯಲ್ಲಿ ಅಳೆದರೆ ಅಪಾಯ ಅಳತೆಗೆ ಸಿಗುವುದಿಲ್ಲ. ಐನೂರು ಚದರ ಅಡಿಯ ಕೋಣೆಗಾಗಿ ಇಪ್ಪತ್ತು ಅಡಿ ಧರೆ ಕಡಿದಿರಬಹುದು. ಮೂರು ಸಾವಿರ ಚದರ ಅಡಿಯ ಹಳೆಯ ತೊಟ್ಟಿಮನೆ ಒಂದು ಬುಟ್ಟಿ ಮಣ್ಣನ್ನೂ ಕದಲಿಸದೆ ನವೀಕರಣಗೊಂಡಿರಬಹುದು.

ಆದ್ದರಿಂದ ಗೆರೆ ಎಳೆಯಬೇಕಾದದ್ದು ಬೇರೆ ಕಡೆ. ಇರುವ ಅಡಿಪಾಯದ ಒಳಗೆ, ಇರುವ ಎತ್ತರದಲ್ಲಿ ನಡೆಯುವ ಯಾವ ಕೆಲಸಕ್ಕೂ ಪರವಾನಗಿ ಬೇಡವೆಂದು ಸರ್ಕಾರ ಉಪವಿಧಿಯಲ್ಲಿ ಕನ್ನಡದಲ್ಲೇ ಸ್ಪಷ್ಟವಾಗಿ ಬರೆದು ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ತಾರಸಿಯ ಮೇಲಿನ ಶೀಟಿನ ಮಾಡೂ, ಸುತ್ತ ಗೋಡೆ ಕಟ್ಟದಿರುವ ತನಕ, ಈ ಪಟ್ಟಿಯಲ್ಲಿರಲಿ. ಅದರ ಬದಲಿಗೆ, ಮನೆಗಾಗಿ ಆಳೆತ್ತರಕ್ಕಿಂತ ಹೆಚ್ಚು ಧರೆ ಕಡಿಯುವ ಪ್ರತಿಯೊಂದು ಕೆಲಸಕ್ಕೂ, ಅದು ದುರಸ್ತಿಯಾಗಲಿ, ವಿಸ್ತರಣೆಯಾಗಲಿ, ಹೋಮ್‌ಸ್ಟೇ ಆಗಲಿ, ಸ್ಥಳ ಪರಿಶೀಲನೆ ಕಡ್ಡಾಯವಾಗಲಿ.

ಇನ್ನೊಂದು ಪರವಾನಗಿ ಎಂದರೆ ಇನ್ನೊಂದು ಲಂಚದ ಬಾಗಿಲು ಎಂಬ ಆಕ್ಷೇಪ ನನಗೆ ಗೊತ್ತು, ಅದು ಹುಸಿಯೂ ಅಲ್ಲ. ಪಿಡಿಒಗಳಿಗೆ ಇಳಿಜಾರು ಓದುವ ತರಬೇತಿ ಇಲ್ಲವೆಂಬುದೂ ನಿಜ. ಆದರೆ ಹೆಂಚು, ಗಾರೆ, ನೆಲಹಾಸಿನ ಅರ್ಜಿಗಳು ಮೇಜಿನಿಂದ ಇಳಿದರೆ ಉಳಿಯುವುದು ಕೆಲವೇ ಕಡತಗಳು. ಅವುಗಳಿಗಾಗಿ ತಾಲ್ಲೂಕಿಗೊಬ್ಬ ಎಂಜಿನಿಯರ್, ಜಿಲ್ಲೆಗೊಬ್ಬ ಭೂವಿಜ್ಞಾನಿ ಜನವರಿಯಿಂದ ಏಪ್ರಿಲ್‌ವರೆಗೆ ಹಳ್ಳಿಗಳಲ್ಲಿ ತಿರುಗಿದರೆ ಸಾಕು. 60 ದಿನಗಳ ಗಡುವೂ ಇಲ್ಲಿನ ಹವಾಮಾನಕ್ಕೆ ಹೊಂದುವುದಿಲ್ಲ. ಏಪ್ರಿಲ್ ಮೊದಲ ವಾರ ಅರ್ಜಿ ಕೊಟ್ಟವನಿಗೆ ಉತ್ತರ ಬರುವುದು ಜೂನ್‌ನಲ್ಲಿ, ಮಳೆಯ ಜೊತೆಗೆ. ಅಷ್ಟು ಹೊತ್ತಿಗೆ ಅವನು ಜೆಸಿಬಿ ಕರೆಸಿ ಕೆಲಸ ಮುಗಿಸಿರುತ್ತಾನೆ. ಧರೆಯ ಅರ್ಜಿಗಳಿಗೆ ಹದಿನೈದು ದಿನಗಳ ಗಡುವು ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕಡಿಯುವುದನ್ನು ಪೂರ್ತಿಯಾಗಿ ನಿಲ್ಲಿಸುವ ಆದೇಶವನ್ನು ಜಿಲ್ಲಾಡಳಿತ ಪ್ರತಿ ವರ್ಷ ಮೇ ತಿಂಗಳಲ್ಲೇ ಹೊರಡಿಸಬೇಕು.