ಲೆಕ್ಕ ಕೇಳುವುದು ಅವಮಾನವೆ?

ಸರ್ಕಾರದ ಅನುದಾನವನ್ನು ಪಡೆಯುವ ಸಾಹಿತ್ಯ ಸಂಘಗಳಲ್ಲಿಯೂ ವಾಚನಾಲಯಗಳಲ್ಲಿಯೂ ಈಚೆಗೆ ಒಂದು ಮಾತು ಮೇಲಿಂದ ಮೇಲೆ ಕೇಳಿಬರುತ್ತಿದೆ: “ನಾವು ಸರಸ್ವತಿಯ ಸೇವಕರು, ನಮ್ಮನ್ನು ವರ್ಷವರ್ಷವೂ ಲೆಕ್ಕ ಕೇಳುವುದು ಅವಮಾನ.” ಈ ಮಾತು ಕಿವಿಗೆ ಇಂಪಾಗಿರಬಹುದು, ವಿಚಾರದ ಮುಂದೆ ನಿಲ್ಲತಕ್ಕುದಲ್ಲ.

ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿಯೇ ಹೇಳೋಣ. ಅನುದಾನವು ಅನೇಕ ವೇಳೆ ವರ್ಷಾಂತ್ಯದಲ್ಲಿ ಕೈಸೇರುತ್ತದೆ. ಸಣ್ಣ ಸಂಘಕ್ಕೆ ಲೆಕ್ಕಪರಿಶೋಧಕರ ಶುಲ್ಕವೇ ಭಾರವಾಗುತ್ತದೆ. ಇವು ನಿಜವಾದ ಕಷ್ಟಗಳು. ಸರ್ಕಾರವು ಇವನ್ನು ಪರಿಹರಿಸತಕ್ಕದ್ದು. ಆದರೆ ಕಷ್ಟವು ಬೇರೆ, ಅವಮಾನವು ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ಸಾಧಿಸಲಾಗದು.

ಲೆಕ್ಕ ಕೇಳುವ ಪದ್ಧತಿಯು ಪರದೇಶದಿಂದ ಬಂದ ಪೀಡೆಯೆಂದು ಕೆಲವರು ಭಾವಿಸಿದ್ದಾರೆ. ಅಂಥವರು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಲಿ. ಅದರ ಎರಡನೆಯ ಅಧಿಕರಣದಲ್ಲಿ, ವರ್ಷದ ಲೆಕ್ಕವನ್ನು ಆಷಾಢದಲ್ಲಿ ಒಪ್ಪಿಸಬೇಕೆಂಬ ವಿಧಿಯಿದೆ, ತಡಮಾಡಿದವರಿಗೆ ದಂಡವಿದೆ, ಧನಾಪಹರಣದ ನಲವತ್ತು ಉಪಾಯಗಳ ಎಣಿಕೆಯೂ ಇದೆ. ಆಗಿನ ದ್ರವ್ಯವು ರಾಜನದು, ಈಗಿನದು ಪ್ರಜೆಗಳದು. ಹೊಣೆಯು ಹೆಚ್ಚಿತೇ ಹೊರತು ತಗ್ಗಲಿಲ್ಲ.

ಇಂದಿನ ಶಾಸನವಾದರೂ ಅಸಾಧ್ಯವಾದುದನ್ನು ಕೇಳುತ್ತಿಲ್ಲ. ಕರ್ನಾಟಕದ 1960ರ ಸಂಘಗಳ ನೋಂದಣಿ ಅಧಿನಿಯಮದ ಮೇರೆಗೆ ಪರಿಶೋಧಿತ ಲೆಕ್ಕವನ್ನು ವರ್ಷಂಪ್ರತಿ ನೋಂದಣಾಧಿಕಾರಿಗೆ ಒಪ್ಪಿಸಬೇಕು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು, ಒಮ್ಮೆಗೆಂದು ಕೊಟ್ಟ ಅನುದಾನದ ಬಳಕೆ ಪ್ರಮಾಣಪತ್ರಕ್ಕೆ ಆರ್ಥಿಕ ವರ್ಷ ಮುಗಿದ ಮೇಲೆ 12 ತಿಂಗಳ ಅವಕಾಶವನ್ನು ಕೊಟ್ಟಿವೆ. ಸರ್ಕಾರದಿಂದ ಗಣನೀಯ ಧನಸಹಾಯ ಪಡೆಯುವ ಖಾಸಗಿ ಸಂಸ್ಥೆಗಳೂ 2005ರ ಮಾಹಿತಿ ಹಕ್ಕಿನ ಅಧಿನಿಯಮಕ್ಕೆ ಒಳಪಡುತ್ತವೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಮಾನಿಸಿದೆ. ಹಣ ಬರುವಾಗ ಸಾರ್ವಜನಿಕ ಸಂಸ್ಥೆ, ಲೆಕ್ಕ ಕೇಳುವಾಗ ಖಾಸಗಿ ಸಂಸ್ಥೆ ಎಂಬ ಇಬ್ಬಗೆಯ ವೇಷಕ್ಕೆ ಇನ್ನು ಎಡೆಯಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯು ಸಾಹಿತ್ಯ ಸೇವೆಗೆ ಭೂಷಣವಲ್ಲ.

ಪರೋಪದೇಶಕ್ಕೆ ಮುನ್ನ ನನ್ನ ತಪ್ಪನ್ನು ಹೇಳಿಕೊಳ್ಳುವೆನು. ಒಂದು ಸಂಘದ ಖಜಾಂಚಿಯಾಗಿದ್ದಾಗ, ಉಪನ್ಯಾಸಕ್ಕೆ ಬಂದ ವಿದ್ವಾಂಸರಿಂದ ಪ್ರಯಾಣವೆಚ್ಚದ ರಸೀದಿಯನ್ನು ಕೇಳಲು ಸಂಕೋಚಪಟ್ಟು ಬಿಟ್ಟೆನು. ಪರಿಶೋಧಕರು ಆ ಖರ್ಚನ್ನು ಒಪ್ಪಲಿಲ್ಲ. ಹಣವನ್ನು ಸ್ವಂತ ಕೈಯಿಂದ ತುಂಬಿದೆನು. ಸದಸ್ಯರ ಮನಸ್ಸಿನಲ್ಲಿ ಹುಟ್ಟಿದ ಸಂಶಯವನ್ನು ತುಂಬಿಕೊಡಲಾಗಲಿಲ್ಲ. ರಸೀದಿಯೆಂಬುದು ಕಳ್ಳನಿಗೆ ಹಾಕಿದ ಬೇಡಿಯಲ್ಲ, ಪ್ರಾಮಾಣಿಕನಿಗೆ ತೊಡಿಸಿದ ಕವಚವೆಂಬುದು ಅಂದು ತಿಳಿಯಿತು.

ಕಚೇರಿಗೆ ಕಾಗದ ಸಲ್ಲಿಸಿದ ಮಾತ್ರಕ್ಕೆ ಋಣ ತೀರಿತೆಂದೂ ತಿಳಿಯಬಾರದು. ಸರ್ವಸದಸ್ಯರ ಸಭೆಯಲ್ಲಿ ನಡೆಯುವುದೇನು? ಸ್ವಾಗತಕ್ಕೆ ಅರ್ಧಗಂಟೆ, ಹಾರತುರಾಯಿಗಳಿಗೆ ಇನ್ನರ್ಧಗಂಟೆ. ಊಟದ ಹೊತ್ತಿಗೆ “ಲೆಕ್ಕಪತ್ರವನ್ನು ಓದಿದಂತೆ ಭಾವಿಸಿ ಅನುಮೋದಿಸಬೇಕು” ಎಂಬ ಒಂದು ವಾಕ್ಯ. ಕೈಗಳು ಮೇಲೇಳುತ್ತವೆ, ಎಲೆಗಳು ಬೀಳುತ್ತವೆ. ಆ ಲೆಕ್ಕಪತ್ರವಾದರೋ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ! ಕನ್ನಡದ ಉದ್ಧಾರಕ್ಕೆಂದು ಪಡೆದ ಹಣದ ಕಥೆಯನ್ನು ಕನ್ನಡಿಗನು ಓದಲಾರದಂತೆ ಬರೆದಿಡುವುದಕ್ಕಿಂತ ದೊಡ್ಡ ಅವಮಾನವಾವುದು?

ಆದಕಾರಣ ನನ್ನ ಸಿದ್ಧಾಂತವಿಷ್ಟೆ. ಅನುದಾನ ಪಡೆವ ಪ್ರತಿಯೊಂದು ಸಂಘವೂ ಬಂದುದೆಷ್ಟು, ವೆಚ್ಚವಾದುದೆಷ್ಟು, ಯಾವುದಕ್ಕೆ, ಉಳಿದುದೆಷ್ಟು ಎಂಬುದನ್ನು ತಿಳಿಗನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿ, ಸಭೆಯಲ್ಲಿ ಊಟಕ್ಕೆ ಮುಂಚೆಯೇ ಓದಲಿ. ಅನಂತರ ವಾಚನಾಲಯದ ಬಾಗಿಲಿಗೆ ಅಂಟಿಸಲಿ. ಈ ಪತ್ರಿಕೆಯನ್ನು ಹೊರಡಿಸುವ ನಮ್ಮ ಸಂಘವೇ ಮೊದಲ ಮೇಲ್ಪಂಕ್ತಿಯಾಗಲಿ. ವರ್ಷಕ್ಕೊಂದು ಪುಟವನ್ನು ಇದಕ್ಕೆ ಮೀಸಲಿಡಲಿ. ಆ ಸಂಚಿಕೆಯಲ್ಲಿ ನನ್ನಂಥವನ ಒಂದು ಲೇಖನ ಕಡಿಮೆಯಾದರೆ ವಾಚಕರಿಗೆ ನಷ್ಟವೇನೂ ಆಗದು.