ಹಿನ್ನೆಲೆಯೂ ಚಿತ್ರದಲ್ಲಿರಲಿ

ಈಚಿನ ವಿವಾಹದ ಆಲ್ಬಮ್ಮುಗಳನ್ನು ತೆರೆದು ನೋಡುವವರಿಗೆ ವಧೂವರರ ಮುಖಗಳು ಕಣ್ರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಕಾಣುವುವು. ಆದರೆ ಆ ಮದುವೆ ಎಂಥ ಮನೆಯಂಗಳದಲ್ಲಿ, ಯಾರಾರ ಸಮಕ್ಷಮದಲ್ಲಿ ನಡೆಯಿತೆಂಬುದಕ್ಕೆ ಆ ಚಿತ್ರಗಳಲ್ಲಿ ಸಾಕ್ಷ್ಯವೇ ದೊರೆಯದು. ಚಪ್ಪರದ ಬಾಳೆಕಂಬ, ಜಗಲಿಯ ಮೇಲೆ ಕುಳಿತ ಹಿರಿಯರು, ಬಾಗಿಲ ಮರೆಯಿಂದ ಇಣುಕುವ ಮಕ್ಕಳು, ಎಲ್ಲವೂ ಬಣ್ಣದ ಮಬ್ಬಾಗಿ ಕರಗಿಹೋಗಿರುವುವು. ಹಿನ್ನೆಲೆಯನ್ನು ಹೀಗೆ ಅಳಿಸುವುದೇ ಛಾಯಾಗ್ರಹಣದ ಉತ್ಕೃಷ್ಟತೆಯೆಂಬ ಭಾವನೆ ಆಳವಾಗಿ ಬೇರೂರಿರುವುದರಿಂದ, ಅದಕ್ಕೆ ಪ್ರತಿಯಾಗಿ ಕೆಲವು ಮಾತುಗಳನ್ನು ಹೇಳಲೇಬೇಕೆಂದು ನನಗೆ ತೋರುತ್ತದೆ.

ಮಸೂರದೊಳಗೆ ತೆಳುವಾದ ಎಸಳುಗಳು ಒಂದರ ಮೇಲೊಂದು ಸರಿದು, ಕಣ್ಣಿನ ಪಾಪೆಯಂತೆ ಹಿಗ್ಗುತ್ತ ಕುಗ್ಗುತ್ತ ಇರುವ ಒಂದು ಕಂಡಿಯನ್ನು ನಿರ್ಮಿಸುವುವು, ಅದೇ ಅಪರ್ಚರ್. ಮಸೂರದ ಸಂಗಮದೂರವನ್ನು ಆ ಕಂಡಿಯ, ಮುಂದಿನಿಂದ ನೋಡಿದಾಗ ಕಾಣುವ ವ್ಯಾಸದಿಂದ ಭಾಗಿಸಿದರೆ ಬರುವ ಲಬ್ಧವೇ ಎಫ್-ಸಂಖ್ಯೆ. 50 ಮಿಲಿಮೀಟರಿನ ಮಸೂರದಲ್ಲಿ ಕಂಡಿಯ ವ್ಯಾಸ 25 ಮಿಲಿಮೀಟರು ಇದ್ದಾಗ ಈ ಸಂಖ್ಯೆ 2. ಅದು ಸುಮಾರು 3 ಮಿಲಿಮೀಟರಿಗೆ ಕುಗ್ಗಿದಾಗ 16. ವ್ಯಾಸವು ಇಲ್ಲಿ ಭಾಜಕವಾದುದರಿಂದಲೇ ಸಂಖ್ಯೆ ಏರಿದಂತೆ ಕಂಡಿ ಕಿರಿದಾಗುವುದು. ಹಳೆಯ ಮಸೂರಗಳ ಉಂಗುರದ ಮೇಲೆ 2, 2.8, 4, 5.6, 8, 11, 16 ಎಂದು ಕೆತ್ತಿರುವ ಅಂಕಿಗಳು ಮೊದಲ ನೋಟಕ್ಕೆ ಎಷ್ಟು ವಿಚಿತ್ರವಾಗಿ ತೋರಿದರೂ, ಪ್ರತಿಯೊಂದೂ ಹಿಂದಿನದನ್ನು ಎರಡರ ವರ್ಗಮೂಲದಿಂದ ಗುಣಿಸಿದ ಫಲವೆಂದೂ, ಬೆಳಕು ಕಂಡಿಯ ವಿಸ್ತೀರ್ಣವನ್ನು ಅನುಸರಿಸುವುದರಿಂದ ಒಂದೊಂದು ಮೆಟ್ಟಿಲಿಗೂ ಅದು ಅರ್ಧಕ್ಕಿಳಿಯುವುದೆಂದೂ ತಿಳಿದ ಮೇಲೆ, ಅವುಗಳಷ್ಟು ಅಚ್ಚುಕಟ್ಟಾದ ಶ್ರೇಣಿ ಮತ್ತೊಂದಿಲ್ಲವೆನಿಸುವುದು. 2ರಿಂದ 16ಕ್ಕೆ ಆರು ಮೆಟ್ಟಿಲು. ಒಳಬರುವ ಬೆಳಕು ಅರುವತ್ತನಾಲ್ಕರಲ್ಲಿ ಒಂದು ಪಾಲು. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮುಗಿಯುತ್ತಿದ್ದ ಚಿತ್ರಕ್ಕೆ ಆಗ ಹದಿನೈದರ ಒಂದು ಭಾಗದಷ್ಟು ಕಾಲ ಬೇಕಾಗುವುದು.

ಕಳೆದುಕೊಂಡ ಬೆಳಕಿಗೆ ಪ್ರತಿಫಲವಾಗಿ ದೊರೆಯುವುದು ಆಳ. ಸಾಧಾರಣವಾದ 35 ಮಿಲಿಮೀಟರು ಫಿಲ್ಮಿನ ಕ್ಯಾಮೆರಾದಲ್ಲಿ ಇದೇ ಮಸೂರವನ್ನು ಮೂರು ಮೀಟರು ದೂರದ ವ್ಯಕ್ತಿಗೆ ಹೊಂದಿಸಿದರೆ, 2ರಲ್ಲಿ ಸ್ಪಷ್ಟವಾಗಿ ಮೂಡುವ ವಲಯವು ಅರ್ಧ ಮೀಟರಿಗೂ ಕಡಿಮೆ. 16ರಲ್ಲಿಯಾದರೋ ಸುಮಾರು ಎರಡು ಮೀಟರಿನಿಂದ ಏಳು ಮೀಟರಿನವರೆಗೆ ಇರುವುದೆಲ್ಲವೂ ಸ್ಪಷ್ಟ. ವಧುವಿನ ಹಿಂದೆ ನಿಂತ ಸೋದರತ್ತೆಯೂ ಅವಳ ಹಿಂದಿನ ಬಾಗಿಲ ತೋರಣವೂ ಚಿತ್ರದೊಳಕ್ಕೆ ಬರುವುದು ಹೀಗೆ.

ಈ ವಾದ ಹೊಸದಲ್ಲ. 1932ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಡಿ ಯಂಗ್ ವಸ್ತುಸಂಗ್ರಹಾಲಯದಲ್ಲಿ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್, ಇಮೋಜೆನ್ ಕನಿಂಗ್‌ಹ್ಯಾಮ್ ಮೊದಲಾದವರು ತಮ್ಮ ಚಿತ್ರಗಳನ್ನು ಪ್ರದರ್ಶಿಸಿದಾಗ, ವರ್ಣಚಿತ್ರವನ್ನು ಅನುಕರಿಸಿ ಛಾಯಾಚಿತ್ರವನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದ ಅಂದಿನ ರೂಢಿಯನ್ನು ಎದುರಿಸಲೆಂದೇ ತಮ್ಮ ಬಳಗಕ್ಕೆ ಎಫ್ 64 ಎಂದು, ಅತಿ ಕಿರಿದಾದ ಕಂಡಿಯ ಅಂಕಿಯನ್ನೇ ಹೆಸರಾಗಿ ಇಟ್ಟುಕೊಂಡರು. ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇರಿಸಿ ವೆಸ್ಟನ್ 1930ರಲ್ಲಿ ತೆಗೆದ ಚಿತ್ರವನ್ನು ಕಂಡವರು, ಅದರ ಒಂದೊಂದು ಮಡಿಕೆಯ ಮೇಲೂ ಬೆಳಕು ಹೇಗೆ ಹರಿದಿದೆಯೆಂಬುದನ್ನು ಮರೆಯಲಾರರು. 1941ರ ‘ಸಿಟಿಜನ್ ಕೇನ್’ ಚಲಚ್ಚಿತ್ರದಲ್ಲಿ ಅದರ ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಇದೇ ತತ್ತ್ವವನ್ನು ಕಥೆಯ ಸೇವೆಗೆ ತಂದನು: ಮನೆಯೊಳಗೆ ತಾಯಿ ಮಗನನ್ನು ಪರರ ವಶಕ್ಕೊಪ್ಪಿಸುವ ಪತ್ರಕ್ಕೆ ಸಹಿ ಹಾಕುತ್ತಿರಲು, ಅವಳ ಹಿಂದೆ ದೂರದ ಕಿಟಕಿಯಾಚೆ ಏನೂ ಅರಿಯದ ಆ ಬಾಲಕ ಹಿಮದಲ್ಲಿ ಆಡುತ್ತಿರುವುದು ಅಷ್ಟೇ ಸ್ಪಷ್ಟವಾಗಿ ಕಾಣುವುದು. ಆ ಕಿಟಕಿ ಮಬ್ಬಾಗಿದ್ದಲ್ಲಿ ದೃಶ್ಯದ ಕರುಣೆಯ ಬಹುಭಾಗ ನಷ್ಟವಾಗುತ್ತಿತ್ತು.

ನನಗೆ ಅತ್ಯಂತ ವಿಷಾದಕರವಾಗಿ ಕಾಣುವುದು ಮೊಬೈಲಿನ ಸಂಗತಿ. ಅದರ ಮಸೂರದ ಸಂಗಮದೂರ ಕೆಲವೇ ಮಿಲಿಮೀಟರುಗಳಷ್ಟಾದುದರಿಂದ, ಹತ್ತಿರದ ಮುಖವನ್ನೂ ದೂರದ ಗೋಪುರವನ್ನೂ ಬಹುಮಟ್ಟಿಗೆ ಒಟ್ಟಿಗೇ ಸ್ಪಷ್ಟವಾಗಿ ಹಿಡಿಯುವ ಶಕ್ತಿ ಅದಕ್ಕೆ ಸಹಜವಾಗಿಯೇ ಬಂದಿದೆ. ಟೋಲೆಂಡನು ಉರಿಯುವ ದೀಪಗಳನ್ನು ಸಾಲಾಗಿ ನಿಲ್ಲಿಸಿ ಸಾಧಿಸಿದ ಆಳವು ಇಂದು ಜೇಬಿನಲ್ಲಿಯೇ ಉಂಟು. ಆ ಆಳವನ್ನು ಗಣಿತದ ಬಲದಿಂದ ಅಳಿಸಿ, ಮುಖದ ಅಂಚನ್ನು ಅಂದಾಜಿನಿಂದ ಕತ್ತರಿಸಿ, ಇಲ್ಲದ ಮಬ್ಬನ್ನು ಬಳಿಯುವುದನ್ನು ಪೋರ್ಟ್ರೇಟ್ ಮೋಡ್ ಎಂದು ಕೊಂಡಾಡುತ್ತೇವೆ.

ಕಾಡಿನ ಮಬ್ಬುಬೆಳಕಿನಲ್ಲಿ ಹಾರುವ ಹಕ್ಕಿಯನ್ನು ಹಿಡಿಯುವವರು ಕಂಡಿಯನ್ನು ಪೂರ್ಣವಾಗಿ ತೆರೆಯದೆ ಗತ್ಯಂತರವಿಲ್ಲವೆಂಬುದನ್ನು ನಾನು ಬಲ್ಲೆ. ಮದುವೆಮನೆಯ ಮಾತು ಬೇರೆ. ಅಲ್ಲಿ ಹಗಲ ಬೆಳಕಿರುವುದು, ಜನ ನಿಲ್ಲೆಂದರೆ ನಿಲ್ಲುವರು, ಬೆಳಕು ಸಾಲದಿದ್ದರೆ ಕ್ಯಾಮೆರಾಕ್ಕೆ ಮುಕ್ಕಾಲಿಯೂ ಉಂಟು. ಇದಕ್ಕಾಗಿ ಉಂಗುರವನ್ನು 22ರವರೆಗೆ ತಿರುಗಿಸಬೇಕಾದ ಅಗತ್ಯವೂ ಇಲ್ಲ. ಅಷ್ಟು ಕಿರಿದಾದ ಕಂಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡಿ ಇಡೀ ಚಿತ್ರದ ಮೊನಚನ್ನೇ ತುಸು ಕುಂದಿಸುವುದು. ಮದುವೆಗೆ ಫೋಟೋ ತೆಗೆಯುವವರನ್ನು ಗೊತ್ತುಮಾಡುವ ತಂದೆತಾಯಿಗಳು, ಹತ್ತು ಚಿತ್ರಗಳಲ್ಲಿ ನಾಲ್ಕನ್ನಾದರೂ 8 ಅಥವಾ 11ರಲ್ಲಿ ತೆಗೆಯಿರೆಂದು ಮುಂಗಡ ಕೊಡುವಾಗಲೇ ಹೇಳಿಬಿಡುವುದು ಒಳಿತು.